ಜಾವಾ ಕಲಿಯುವ ಮುಂಚೆ ಸಿ ಬರಬೇಕೇ?

ಮದುವೆಮನೆಯಲ್ಲಿ ಮೊದಲ ಪಂಕ್ತಿ ಎದ್ದು ಎರಡನೆಯ ಪಂಕ್ತಿಗೆ ಎಲೆ ಬೀಳುವವರೆಗೆ ಒಂದಿಷ್ಟು ಹೊತ್ತು ಸಿಗುತ್ತದಲ್ಲ, ನಮ್ಮಲ್ಲಿ ಮಕ್ಕಳ ಓದಿನ ಎಷ್ಟೋ ತೀರ್ಮಾನಗಳು ಆಗುವುದು ಆ ಹೊತ್ತಿನಲ್ಲೇ. ಮಗನಿಗೆ ಕಂಪ್ಯೂಟರ್ ಸೈನ್ಸ್ ಸಿಕ್ಕಿದೆ, ಕಾಲೇಜು ಶುರುವಾಗುವುದಕ್ಕೆ ಇನ್ನೂ ದಿನ ಇದೆ, ಅಷ್ಟರಲ್ಲಿ ಜಾವಾ ಕಲಿತುಕೊಳ್ಳಲಿ ಅಂತಿದ್ದೇವೆ ಎಂದು ಒಬ್ಬರು ಮಾತು ತೆಗೆದರೆ ಸಾಕು. “ಜಾವಾನಾ? ಅದಕ್ಕೆ ಮುಂಚೆ ಸಿ ಬರಬೇಕಲ್ಲ!” ಎನ್ನುತ್ತಾರೆ ಪಕ್ಕದ ಕುರ್ಚಿಯವರು. “ಸಿ ಎಲ್ಲಾ ಹಳೇದಾಯ್ತು ಭಾವ, ಮೊದಲು ಪೈಥಾನ್ ಮಾಡ್ಕೊಳ್ಳಲಿ” ಎನ್ನುತ್ತಾರೆ ಹಿಂದಿನ ಸಾಲಿನವರು. ಕೈ ತೊಳೆದು ಬಂದ ಮೂರನೆಯವರು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಮೊದಲು ಫ್ಲೋಚಾರ್ಟ್ ಬರೆಯೋದು ಕಲೀಲಿ ಎಂದುಬಿಡುತ್ತಾರೆ. ಹುಡುಗ ಅಲ್ಲೇ ನಿಂತಿರುತ್ತಾನೆ. ಅವನು ಏನು ಮಾಡಬೇಕೆಂದುಕೊಂಡಿದ್ದಾನೆ, ಯಾವುದಕ್ಕಾಗಿ ಜಾವಾ ಬೇಕು ಅಂತ ಯಾರೂ ಕೇಳುವುದಿಲ್ಲ.

ಕೇಳಬೇಕಿತ್ತು. ಏಕೆಂದರೆ ಈ ಪ್ರಶ್ನೆಯಿಂದ ನಿಜವಾಗಿ ಪೆಟ್ಟು ತಿನ್ನುವವನು ಅವನೇ. ಕಲಿಯುವ ಉತ್ಸಾಹ ಇರುವಾಗಲೇ ‘ಇದಕ್ಕೆ ಮುಂಚೆ ಅದು, ಅದಕ್ಕೆ ಮುಂಚೆ ಇನ್ನೊಂದು’ ಎಂದು ಬಾಗಿಲ ಮೇಲೆ ಬಾಗಿಲು ಹಾಕುತ್ತಾ ಹೋದರೆ, ಒಳಗೆ ಬರಬೇಕಾದವನು ಅಂಗಳದಿಂದಲೇ ವಾಪಸು ಹೋಗುತ್ತಾನೆ. ಆದ್ದರಿಂದ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಧಾನವಾಗಿ ಮಾತಾಡೋಣ. ಬೇಡ. ಆಬ್ಜೆಕ್ಟ್‌ಗಳ ಮೇಲೆ ನಿಂತ ಜಾವಾದಂಥ ಭಾಷೆಯೊಂದನ್ನು ಕಲಿಯಲು ಬೇರೆ ಯಾವ ಪ್ರೋಗ್ರಾಮಿಂಗ್ ಭಾಷೆಯೂ ಮೊದಲು ಬಂದಿರಬೇಕಾಗಿಲ್ಲ.

ಹಾಗಾದರೆ ಸಿ ಮೊದಲು ಎಂಬ ಮಾತು ಎಲ್ಲಿಂದ ಬಂತು? ನಮ್ಮ ಪಠ್ಯಕ್ರಮಗಳಿಂದ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾದದ್ದು 1998ರಲ್ಲಿ. ಅದರ ಕೆಳಗೆ ಓದಿದ ಎಷ್ಟೋ ಸಾವಿರ ಹುಡುಗ ಹುಡುಗಿಯರು, ಸಿವಿಲ್ ಆಗಲಿ ಮೆಕ್ಯಾನಿಕಲ್ ಆಗಲಿ, ಮೊದಲ ವರ್ಷದಲ್ಲಿ ಸಿ ಬರೆದವರೇ. ಕಂಪ್ಯೂಟರ್ ಸೈನ್ಸ್‌ನವರಿಗೆ ಆಮೇಲೆ ಸಿ ಪ್ಲಸ್ ಪ್ಲಸ್, ಅದಾದ ಮೇಲೆ ಜಾವಾ. ಆ ನೀಲಿ ಪರದೆಯ ಟರ್ಬೊ ಸಿ ನೆನಪಿದೆಯೇ ನಿಮಗೆ? ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ಹೊರತಂದದ್ದು. ಅಮೆರಿಕದಲ್ಲಿ ಅದು ಮರೆತುಹೋದ ಮೇಲೂ ನಮ್ಮ ಲ್ಯಾಬುಗಳಲ್ಲಿ ವರ್ಷಾನುಗಟ್ಟಲೆ ಬೆಳಗುತ್ತಿತ್ತು. ಮೇಜಿನ ಮೇಲೆ ಯಶವಂತ ಕಾನೇಟ್ಕರರ ‘ಲೆಟ್ ಅಸ್ ಸಿ’, ಪಕ್ಕದಲ್ಲಿ ಬಾಲಗುರುಸ್ವಾಮಿಯವರ ಪುಸ್ತಕ. ಹೀಗೆ ಕಲಿತವರು ಇವತ್ತು ಅಪ್ಪ ಅಮ್ಮಂದಿರಾಗಿದ್ದಾರೆ, ಮೇಷ್ಟ್ರಾಗಿದ್ದಾರೆ. ತಾವು ನಡೆದುಬಂದ ದಾರಿಯನ್ನೇ ಇರುವ ಒಂದೇ ದಾರಿ ಎಂದು ತಿಳಿಯುವುದು ಸಹಜ.

ಆ ದಾರಿಯ ಹಿಂದಿನ ಲೆಕ್ಕಾಚಾರ ಏನು? ಸಿ ಹುಟ್ಟಿದ್ದು 1972ರ ಹೊತ್ತಿಗೆ, ಸಿ ಪ್ಲಸ್ ಪ್ಲಸ್‌ಗೆ ಆ ಹೆಸರು ಬಂದದ್ದು 1983ರಲ್ಲಿ, ಜಾವಾ ಹೊರಗೆ ಬಂದದ್ದು 1995ರಲ್ಲಿ. ಹುಟ್ಟಿದ ಕ್ರಮದಲ್ಲೇ ಕಲಿಯಬೇಕು ಅಂತ. ಸರಿ, ಒಪ್ಪೋಣ. ಆದರೆ ಸಿ ತಾನಾಗಿ ಉದ್ಭವಿಸಿದ್ದಲ್ಲವಲ್ಲ? ಅದಕ್ಕೆ ಮುಂಚೆ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮಾಡಿದ್ದ ‘ಬಿ’ ಎಂಬ ಭಾಷೆ ಇತ್ತು. ಅದಕ್ಕೂ ಮುಂಚೆ ಕೇಂಬ್ರಿಡ್ಜಿನ ಮಾರ್ಟಿನ್ ರಿಚರ್ಡ್ಸ್ ರೂಪಿಸಿದ ‘ಬಿಸಿಪಿಎಲ್’ ಇತ್ತು. ಸಿ ಕಲಿಯುವ ಮುಂಚೆ ಬಿಸಿಪಿಎಲ್ ಕಲಿತು ಬಾ ಎಂದು ಯಾವ ಮೇಷ್ಟ್ರಾದರೂ ಹೇಳಿದ್ದುಂಟೇ? ವಂಶಾವಳಿಯನ್ನು ನಮಗೆ ಪರಿಚಯವಿರುವ ಅಜ್ಜನ ತನಕ ಮಾತ್ರ ಹಿಡಿದು ಅಲ್ಲಿಗೇ ನಿಲ್ಲಿಸುತ್ತೇವೆ.

ಇನ್ನೂ ಒಂದು ವಿಷಯವಿದೆ, ಇದು ನನಗೆ ಬಹಳ ಇಷ್ಟವಾದದ್ದು. ಹುಟ್ಟಿದ ಕ್ರಮವನ್ನೇ ಹಿಡಿಯುವುದಾದರೆ ಆಬ್ಜೆಕ್ಟ್‌ಗಳು ಸಿಗಿಂತ ಹಿರಿಯವು! ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ ಇವೆಲ್ಲ ಮೈಗೂಡಿದ್ದ ಸಿಮುಲಾ 67 ಎಂಬ ಭಾಷೆಯನ್ನು ಜಗತ್ತಿನ ಮುಂದೆ ಇಟ್ಟದ್ದು 1967ರ ಮೇ ತಿಂಗಳಲ್ಲಿ, ಓಸ್ಲೋ ಬಳಿಯ ಲೀಸೆಬು ಎಂಬಲ್ಲಿ ನಡೆದ ಸಮ್ಮೇಳನದಲ್ಲಿ. ಡೆನ್ನಿಸ್ ರಿಚಿಯವರ ಸಿ ಆಗ ಇರಲೇ ಇಲ್ಲ.

ನಾರ್ವೆಗೆ ಬಂದೆವಲ್ಲ, ಸ್ವಲ್ಪ ಹೊತ್ತು ಇಲ್ಲೇ ಕೂರೋಣ. ಸಿಮುಲಾ ಮಾಡಿದವರು ಇಬ್ಬರು, ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗೋರ್. ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಕೆಲಸ. ಇವರಿಬ್ಬರ ಚರ್ಚೆ ಎಷ್ಟು ಜೋರಿನದೆಂದರೆ, 1967ರಲ್ಲಿ ಹೊಸದಾಗಿ ಸೇರಿದ ಒಬ್ಬರು ಗಾಬರಿಯಿಂದ ಕೆಳಗೆ ಬಂದು, ಮೇಲಿನ ಮೊಗಸಾಲೆಯಲ್ಲಿ ಕಪ್ಪುಹಲಗೆಯ ಮುಂದೆ ಇಬ್ಬರು ಹೊಡೆದಾಡುತ್ತಿದ್ದಾರೆ, ಏನು ಮಾಡೋಣ ಎಂದು ಟೆಲಿಫೋನ್ ಆಪರೇಟರ್ ಹತ್ತಿರ ಕೇಳಿದರಂತೆ. ಆಕೆ ಒಂದು ಕ್ಷಣ ಕಿವಿಗೊಟ್ಟು, ಏನೂ ಇಲ್ಲ, ಡಾಲ್ ಮತ್ತು ನ್ಯೂಗೋರ್ ಸಿಮುಲಾ ಬಗ್ಗೆ ಮಾತಾಡುತ್ತಿದ್ದಾರೆ ಅಷ್ಟೇ ಎಂದರಂತೆ. ಅಂಥ ಕಪ್ಪುಹಲಗೆಯ ಜಗಳ ನಡೆಯುವ ಜಾಗದಲ್ಲಿ ಒಳ್ಳೆಯದೇನೋ ಹುಟ್ಟುತ್ತದೆ ಎಂಬುದು ನನ್ನ ನಂಬಿಕೆ.

ಅವರ ಮುಂದಿದ್ದ ಸಮಸ್ಯೆಗಳಾದರೂ ಎಂಥವು? ಬಂದರಿಗೆ ಬರುವ ಹಡಗು, ಕಾರ್ಖಾನೆಯ ಒಳಗೆ ಸಾಗುವ ಸರಕು, ಕೌಂಟರಿನ ಮುಂದೆ ನಿಂತ ಸಾಲು. ಇವನ್ನೆಲ್ಲ ಕಂಪ್ಯೂಟರಿನ ಒಳಗೆ ಅಣಕವಾಗಿ ನಡೆಸಿ ನೋಡಬೇಕಿತ್ತು. ಅವರು ತಲೆಕೆಡಿಸಿಕೊಂಡ ಉದಾಹರಣೆಗಳಲ್ಲಿ ಒಂದು ಸೇತುವೆಯ ಟೋಲ್ ಗೇಟು. ಸಾಲಿನಲ್ಲಿ ಲಾರಿ ಇದೆ, ಬಸ್ಸಿದೆ, ಕಾರಿದೆ. ಮೂರೂ ಸಾಲಿನಲ್ಲಿ ನಿಲ್ಲಬೇಕು, ಆದರೆ ಮೂರೂ ಒಂದೇ ಅಲ್ಲ. ಎಲ್ಲಕ್ಕೂ ಸಮನಾದದ್ದನ್ನು ‘ವಾಹನ’ ಎಂದು ಒಮ್ಮೆ ಬರೆದು, ಬೇರೆಯಾದದ್ದನ್ನು ಮಾತ್ರ ಲಾರಿಗೆ, ಬಸ್ಸಿಗೆ, ಕಾರಿಗೆ ಪ್ರತ್ಯೇಕವಾಗಿ ಬರೆದರೆ ಹೇಗೆ? ಇವತ್ತು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರುವ ಇನ್‌ಹೆರಿಟೆನ್ಸ್ ಎಂಬುದರ ಬೇರು ಇದು. ನೆಲಮಂಗಲದ ಟೋಲಿನಲ್ಲಿ ಹಬ್ಬದ ಹಿಂದಿನ ದಿನ ಒಂದು ಸಲ ಸಿಕ್ಕಿಹಾಕಿಕೊಂಡವರಿಗೆ ಇದನ್ನು ತಿಳಿಸಲು ಮೊದಲು ಸಿ ಕಲಿಸಬೇಕೇ, ನೀವೇ ಹೇಳಿ.

ನ್ಯೂಗೋರ್ ಅವರ ಮಾತು ಇನ್ನೂ ಇದೆ. 1970ರ ದಶಕದ ಆರಂಭದಲ್ಲಿ ಈ ಮನುಷ್ಯ ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದ ಜೊತೆ ಕೂತು ಕೆಲಸ ಮಾಡಿದರು. ಕಾರ್ಖಾನೆಗೆ ಕಂಪ್ಯೂಟರ್ ಬರುವಾಗ ಅದು ಏನು ಮಾಡುತ್ತದೆ ಎಂಬುದು ಅಲ್ಲಿ ದುಡಿಯುವವರಿಗೆ ಗೊತ್ತಿರಬೇಕು, ಅವರ ಮಾತೂ ನಡೆಯಬೇಕು ಎಂಬ ಹಟ. ಅದೇ ಮನುಷ್ಯ ಕೊನೆಗಾಲದಲ್ಲಿ ತಲೆಗೆ ಹಚ್ಚಿಕೊಂಡದ್ದು ನಮ್ಮ ಮದುವೆಮನೆಯವರು ಕೇಳುವ ಈ ಪ್ರಶ್ನೆಯನ್ನೇ. ಹೊಸಬರಿಗೆ ಆಬ್ಜೆಕ್ಟ್‌ಗಳನ್ನು ಮೊದಲ ದಿನದಿಂದಲೇ ಹೇಗೆ ಕಲಿಸಬೇಕು ಎಂದು ಒಂದು ಯೋಜನೆಯನ್ನೇ ಶುರುಮಾಡಿದ್ದರು. ಡಾಲ್ ಮತ್ತು ನ್ಯೂಗೋರ್ ಇಬ್ಬರಿಗೂ ಸೇರಿ 2001ರ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಬಂತು. 2002ರ ಬೇಸಿಗೆಯಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಇಬ್ಬರೂ ತೀರಿಕೊಂಡರು.

ನ್ಯೂಗೋರ್ ವಾದ ಏನೆಂದರೆ, ಹೊಸಬರಿಗೆ ಒಂದು ಸಾಲಿನ ಚಿಲ್ಲರೆ ಪ್ರೋಗ್ರಾಂ ಕೊಡಬೇಡಿ, ಸಾಕಷ್ಟು ತೊಡಕಿರುವ, ಒಂದೇ ಹೊತ್ತಿಗೆ ಹಲವರು ಹಲವು ಕೆಲಸ ಮಾಡುತ್ತಿರುವ ಜಾಗವನ್ನು ತೋರಿಸಿ. ಅದಕ್ಕೆ ಅವರು ಹಿಡಿದ ಉದಾಹರಣೆ ಒಂದು ರೆಸ್ಟೋರೆಂಟು. ಗಿರಾಕಿ, ಮಾಣಿ, ಅಡುಗೆಯವ, ಮೇಜು, ಬಿಲ್ಲು.

ಓಸ್ಲೋದ ರೆಸ್ಟೋರೆಂಟ್ ನಾನು ಕಂಡದ್ದಲ್ಲ, ಆದ್ದರಿಂದ ಅದನ್ನು ಬೆಂಗಳೂರಿನ ಒಂದು ದರ್ಶಿನಿಗೆ ತರುತ್ತೇನೆ. ಬೆಳಗಿನ ಎಂಟೂವರೆ. ಕ್ಯಾಶ್ ಕೌಂಟರಿನಲ್ಲಿ ಒಬ್ಬರು. ಅವರಿಗೆ ಗೊತ್ತಿರುವುದು ದರಪಟ್ಟಿ, ಮಾಡುವ ಕೆಲಸ ದುಡ್ಡು ತಗೊಂಡು ಟೋಕನ್ ಕೊಡುವುದು. ದೋಸೆಗೆ ಹಿಟ್ಟು ಎಷ್ಟು ಉಳಿದಿದೆ ಎಂಬುದು ಅವರಿಗೆ ಗೊತ್ತಿರಬೇಕಾಗಿಲ್ಲ. ಒಳಗಿನಿಂದ ಭಟ್ಟರು “ಮಸಾಲೆ ನಿಲ್ಸಿ” ಎಂದು ಕೂಗಿದರೆ ಸಾಕು. ಭಟ್ಟರಿಗೆ ಕಾವಲಿ ಗೊತ್ತು, ಹಿಟ್ಟು ಗೊತ್ತು, ಪಲ್ಯ ಗೊತ್ತು, ನೀವು ಐನೂರರ ನೋಟು ಕೊಟ್ಟಿರೋ ಚಿಲ್ಲರೆ ಕೊಟ್ಟಿರೋ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಕಾಫಿಯವರದು ಬೇರೆಯೇ ಲೋಕ, ಡಿಕಾಕ್ಷನ್ ಅವರ ಸ್ವಂತ ಆಸ್ತಿ, ಅದಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಇವರೆಲ್ಲರ ನಡುವೆ ಓಡಾಡುವುದು ಆ ಚಿಕ್ಕ ಟೋಕನ್ ಒಂದೇ. ಪ್ರತಿಯೊಬ್ಬರ ಬಳಿಯೂ ತಮ್ಮದೇ ಆದ ಮಾಹಿತಿ ಇದೆ, ತಾವು ಮಾಡಬಲ್ಲ ಕೆಲಸಗಳಿವೆ, ಮತ್ತೊಬ್ಬರಿಗೆ ಕೆಲಸ ಹೇಳಲು ಗೊತ್ತಾದ ಒಂದು ರೀತಿಯಿದೆ. ಖಾಲಿ ದೋಸೆ, ಸೆಟ್ ದೋಸೆ, ಬೆಣ್ಣೆ ದೋಸೆ ಎಲ್ಲವೂ ದೋಸೆಯೇ, ಹುಯ್ಯುವ ಕೆಲಸ ಎಲ್ಲಕ್ಕೂ ಇದೆ, ಮಡಿಸುವುದು ಮಾತ್ರ ಎಲ್ಲಕ್ಕೂ ಇಲ್ಲ. ಹದಿನೇಳು ವರ್ಷದ ಹುಡುಗಿಯೊಬ್ಬಳು ಈ ದರ್ಶಿನಿಯಲ್ಲಿ ಯಾರ್‍ಯಾರು ಇದ್ದಾರೆ, ಯಾರಿಗೆ ಏನು ಗೊತ್ತು, ಯಾರು ಯಾರನ್ನು ಏನು ಕೇಳುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದಳು ಎನ್ನಿ, ಆಬ್ಜೆಕ್ಟ್‌ಗಳ ವಿಚಾರದಲ್ಲಿ ಬಹಳ ದೊಡ್ಡ ಕೆಲಸವನ್ನು ಅವಳು ಮುಗಿಸಿದಂತೆಯೇ. ಇನ್ನುಳಿದದ್ದು ಆವರಣ, ಸೆಮಿಕೋಲನ್.

ಇಷ್ಟು ಸಲೀಸಾಗಿದ್ದರೆ ಎಲ್ಲರೂ ಯಾಕೆ ಒದ್ದಾಡುತ್ತಾರೆ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ನಾರ್ವೆಯಿಂದ ಅಮೆರಿಕಕ್ಕೆ ಹೋಗಬೇಕು.

1966ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಅಲನ್ ಕೇ ಎಂಬ ಹೊಸ ವಿದ್ಯಾರ್ಥಿಗೆ ಒಂದು ಕೆಲಸ ಕೊಟ್ಟರು. ಆಲ್ಗಾಲ್ ಭಾಷೆಯದು ಎಂದುಕೊಂಡಿದ್ದ ಒಂದು ಪ್ರೋಗ್ರಾಂ ಟೇಪಿನಲ್ಲಿ ಬಂದಿದೆ, ಯಾಕೋ ಸರಿಯಾಗಿ ನಡೆಯುತ್ತಿಲ್ಲ, ನೋಡು ಅಂತ. ಅವರೂ ಇನ್ನೊಬ್ಬ ವಿದ್ಯಾರ್ಥಿಯೂ ಆ ಪ್ರೋಗ್ರಾಮಿನ ಅಚ್ಚು ಹಾಳೆಯನ್ನು ಮೊಗಸಾಲೆಯ ಉದ್ದಕ್ಕೂ 80 ಅಡಿ ಹಾಸಿ, ಅದರ ಮೇಲೆ ಅಂಬೆಗಾಲಿಟ್ಟು ಓದಿದರಂತೆ. ಓದುತ್ತಾ ಹೋದಾಗ ಗೊತ್ತಾಯಿತು, ಅದು ಮಾಮೂಲಿ ಆಲ್ಗಾಲ್ ಅಲ್ಲ, ಸಿಮುಲಾ. ಎರಡು ವರ್ಷದ ಮೇಲೆ ಇದೇ ಕೇ, ಸೀಮೋರ್ ಪಾಪರ್ಟ್ ಅವರನ್ನು ನೋಡಲು ಹೋದರು. ಅಲ್ಲಿ ಚಿಕ್ಕ ಮಕ್ಕಳು ಲೋಗೊ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದರು. ಲೋಗೊ ಗೊತ್ತಲ್ಲ? ಪರದೆಯ ಮೇಲೆ ಆಮೆ, ಇಷ್ಟು ಮುಂದೆ ಹೋಗು, ಇಷ್ಟು ತಿರುಗು ಎಂದರೆ ಗೆರೆ ಎಳೆಯುತ್ತಾ ಹೋಗುತ್ತದೆ. ಪಾಪರ್ಟ್, ಸಿಂಥಿಯಾ ಸಾಲಮನ್, ವಾಲಿ ಫೋರ್ಜಿಗ್ ಸೇರಿ 1967ರಲ್ಲಿ ಮಾಡಿದ್ದು. ಓಸ್ಲೋದ ಆಬ್ಜೆಕ್ಟ್, ಲೋಗೊದ ಮಕ್ಕಳು, ಈ ಎರಡೂ ಕೇ ಅವರ ತಲೆಯಲ್ಲಿ ಕೂಡಿಕೊಂಡವು. 1972ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಸ್ಮಾಲ್‌ಟಾಕ್ ಭಾಷೆ ಹುಟ್ಟಿತು.

ಇದನ್ನು ಮೊದಮೊದಲು ಕಲಿತವರು ಯಾರು ಗೊತ್ತೇ? ಊರಿನ ಶಾಲೆಯ ಮಕ್ಕಳು! ಹನ್ನೆರಡು ಹದಿಮೂರರ ವಯಸ್ಸು. ಬೇರೆ ಯಾವ ಭಾಷೆಯೂ ಬರದವರು. ಅವರಿಗೆ ಕಲಿಸಲು ಅದೇ ಪ್ರಯೋಗಾಲಯದ ಅಡೆಲ್ ಗೋಲ್ಡ್‌ಬರ್ಗ್ ಒಂದು ಸೊಗಸಾದ ದಾರಿ ಕಂಡುಹಿಡಿದರು. ಪರದೆಯ ಮೇಲೆ ಒಂದು ಚೌಕ, ಅದರ ಹೆಸರು ಜೋ. ಜೋ, 30 ಡಿಗ್ರಿ ತಿರುಗು. ತಿರುಗಿತು. ಜೋ, ದೊಡ್ಡದಾಗು. ಆಯಿತು. ಈಗ ಇನ್ನೊಂದು ಚೌಕ, ಅದರ ಹೆಸರು ಜಿಲ್. ಜಿಲ್‌ಗೆ ತಿರುಗು ಎಂದರೆ ಜೋ ಅಲುಗುವುದಿಲ್ಲ. ಇಬ್ಬರೂ ಒಂದೇ ಅಚ್ಚಿನವರು, ಆದರೆ ಅವರವರ ಗಾತ್ರ ಅವರವರಿಗೆ. ಕ್ಲಾಸ್ ಎಂದರೇನು, ಆಬ್ಜೆಕ್ಟ್ ಎಂದರೇನು ಎಂದು ನಮ್ಮ ಪುಸ್ತಕಗಳು ಎರಡು ಪುಟ ವಿವರಿಸುವುದನ್ನು ಮಗು ಒಂದು ನಿಮಿಷದಲ್ಲಿ ಕಣ್ಣಾರೆ ಕಂಡಿತು. ಕಲಿಸುವವರು ಎಂದರೆ ಹೀಗಿರಬೇಕು.

ಆದರೆ ಮುಂದಿನ ಕಥೆಯೂ ಕೇಳಿ. ಮಕ್ಕಳಾದ ಮೇಲೆ ಪ್ರೋಗ್ರಾಮಿಂಗ್ ಗೊತ್ತಿಲ್ಲದ ದೊಡ್ಡವರ ಒಂದು ಗುಂಪಿಗೂ ಸ್ಮಾಲ್‌ಟಾಕ್ ಕಲಿಸಿದರು. ಮೊದಲ ಪಾಠಗಳಲ್ಲಿ ಅವರು ಮಕ್ಕಳಿಗಿಂತ ಚುರುಕು. ಆಮೇಲೆ ವಿಳಾಸಗಳನ್ನು ಇಟ್ಟುಕೊಳ್ಳುವ ಒಂದು ಚಿಕ್ಕ ಪ್ರೋಗ್ರಾಂ ಬರೆಯಿರಿ ಎಂದಾಗ ಎಲ್ಲರೂ ನಿಂತುಬಿಟ್ಟರು. ಕೇ ಅವರಿಗೆ ಆಶ್ಚರ್ಯ. ತಾವೇ ಆ ಪ್ರೋಗ್ರಾಂ ಬರೆದು, ಇದರಲ್ಲಿ ತಾನಾಗಿ ಹೊಳೆಯದ ಯೋಚನೆಗಳು ಎಷ್ಟಿವೆ ಎಂದು ಲೆಕ್ಕ ಹಾಕಿದರು. 17 ಸಿಕ್ಕವು. ಚಿಕ್ಕ ಪ್ರೋಗ್ರಾಂ ಎಂದುಕೊಂಡದ್ದರಲ್ಲಿ ಹದಿನೇಳು!

ಈ ಹದಿನೇಳು ಎಂಬ ಸಂಖ್ಯೆಯ ಮೇಲೆ ನಾನು ಬಹಳ ಯೋಚನೆ ಮಾಡಿದ್ದೇನೆ. ಆ ದೊಡ್ಡವರಿಗೆ ಕೊರತೆಯಾದದ್ದು ಇನ್ನೊಂದು ಭಾಷೆಯೇ? ಅವರಿಗೆ ಫೋರ್ಟ್ರಾನ್ ಬರುತ್ತಿದ್ದರೆ ಹದಿನೇಳೂ ಹೊಳೆದುಬಿಡುತ್ತಿದ್ದವೇ? ಇಲ್ಲ. ಫೋರ್ಟ್ರಾನ್ ಬರೆಯುತ್ತಾ ಬರೆಯುತ್ತಾ ಕೆಲವು ಹೊಳೆದಿರುತ್ತಿದ್ದವು, ಆದರೆ ಅವೇ ಕೆಲವು ಸ್ಮಾಲ್‌ಟಾಕ್ ಬರೆಯುತ್ತಲೂ ಹೊಳೆಯಬಹುದಿತ್ತು. ಬೇಕಾದದ್ದು ಅಭ್ಯಾಸ ಮತ್ತು ಸಮಯ. ಒಂದು ದೊಡ್ಡ ಕೆಲಸವನ್ನು ಹೇಗೆ ಒಡೆಯುವುದು, ಯಾವುದಕ್ಕೆ ಹೆಸರು ಕೊಡುವುದು, ಯಾವುದನ್ನು ಮತ್ತೊಂದರ ಕಣ್ಣಿಗೆ ಬೀಳದಂತೆ ಇಡುವುದು. “ಸಿ ಕಲಿತು ಬಂದವರಿಗೆ ಜಾವಾ ಬೇಗ ಬರುತ್ತದೆ” ಎಂದು ಮೇಷ್ಟ್ರುಗಳು ಹೇಳುವುದು ಸುಳ್ಳಲ್ಲ. ಬೇಗ ಬರುವುದು ಅವರು ಒಂದು ವರ್ಷ ಪ್ರೋಗ್ರಾಂ ಬರೆದು ಪಳಗಿದ್ದಾರೆ ಎಂಬುದಕ್ಕೆ. ಆ ಒಂದು ವರ್ಷವನ್ನು ಜಾವಾದಲ್ಲೇ ಕಳೆದಿದ್ದರೂ ಪಳಗುತ್ತಿದ್ದರು, ಆಬ್ಜೆಕ್ಟ್ ಎಂಬುದು ಆಗ ಪರಕೀಯ ಅನಿಸುತ್ತಿರಲಿಲ್ಲ. ಸಿಯಿಂದ ಬಂದ ಕೆಲವರ ಜಾವಾ ನೋಡಿದ್ದೀರಾ? ಒಂದೇ ಒಂದು ಕ್ಲಾಸು, ಅದರ ಒಳಗೆ ಮುನ್ನೂರು ಸಾಲಿನ ಮೇನ್, ಎಲ್ಲವೂ ಅದರಲ್ಲೇ. ದರ್ಶಿನಿಯಲ್ಲಿ ಒಬ್ಬರೇ ಕ್ಯಾಶಿನಲ್ಲಿ ಕೂತು, ದೋಸೆ ಹುಯ್ದು, ಕಾಫಿ ಬೆರೆಸಿ, ಮೇಜನ್ನೂ ಒರೆಸಿದ ಹಾಗೆ.

ಕಲಿಕೆಗೆ ಮೆಟ್ಟಿಲು ಬೇಡವೆಂದು ನಾನು ಹೇಳುತ್ತಿಲ್ಲ, ಇದನ್ನು ಒತ್ತಿ ಹೇಳಬೇಕು. ಮೆಟ್ಟಿಲು ಬೇಕೇ ಬೇಕು. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲ ರಾತ್ರಿಯೇ ಅರ್ಜುನನ ವೇಷ ಕಟ್ಟುವುದಿಲ್ಲ. ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿಯುತ್ತಾನೆ, ಆಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ, ಹೀಗೆ ಮೇಲಕ್ಕೆ ಬರುತ್ತಾನೆ. ಆದರೆ ಗಮನಿಸಿ, ಕೋಡಂಗಿ ಕುಣಿಯುವುದೂ ಅದೇ ರಂಗಸ್ಥಳದಲ್ಲಿ, ಅದೇ ಚೆಂಡೆ ಮದ್ದಳೆಗೆ, ಅದೇ ತಾಳಕ್ಕೆ. ಮೊದಲು ಎರಡು ವರ್ಷ ಕಂಪನಿ ನಾಟಕ ಮಾಡಿಕೊಂಡು ಬಾ, ಆಮೇಲೆ ಯಕ್ಷಗಾನ ಎಂದು ಯಾವ ಗುರುವೂ ಹುಡುಗನನ್ನು ಓಡಿಸುವುದಿಲ್ಲ. ಚಿಕ್ಕ ವೇಷಗಳು ಆ ಕಲೆಯ ಒಳಗೇ ಇವೆ. ಜಾವಾದಲ್ಲೂ ಪೈಥಾನ್‌ನಲ್ಲೂ ಹೊಸಬನಿಗೆ ಇಂಥ ಚಿಕ್ಕ ವೇಷಗಳನ್ನು ಹುಡುಕಿ ಕೊಡುವುದೇ ಕಲಿಸುವವರ ಕೆಲಸ.

ಜಾವಾದಲ್ಲಿ ಅಂಥ ಚಿಕ್ಕ ವೇಷ ಬಹುಕಾಲ ಇರಲಿಲ್ಲ ಎಂಬುದೂ ನಿಜ. ಪರದೆಯ ಮೇಲೆ ನಮಸ್ಕಾರ ಎಂಬ ಒಂದು ಮಾತು ಬರಬೇಕಾದರೆ ಪಬ್ಲಿಕ್ ಕ್ಲಾಸ್, ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್, ಸ್ಟ್ರಿಂಗ್, ಚೌಕಾವರಣ, ಸಿಸ್ಟಮ್ ಡಾಟ್ ಔಟ್ ಎಂದೆಲ್ಲ ಬರೆಯಬೇಕಿತ್ತು. ಸ್ಟ್ಯಾಟಿಕ್ ಎಂದರೇನು ಸಾರ್ ಎಂದು ಹುಡುಗಿ ಕೇಳಿದರೆ, ಅದು ಈಗ ಬೇಡ, ಸುಮ್ಮನೆ ಬರಕೋ ಎಂಬ ಉತ್ತರ. ಮೊದಲ ದಿನವೇ ಅರ್ಥವಾಗದ್ದನ್ನು ಸುಮ್ಮನೆ ಬರೆಯಲು ಕಲಿಸಿದೆವು. ಜಾವಾಕ್ಕೆ ಮುಂಚೆ ಇನ್ನೇನೋ ಬೇಕು ಎಂಬ ಭಾವನೆ ಗಟ್ಟಿಯಾದದ್ದು ಈ ಒಂದು ಸಾಲಿನಿಂದಲೇ ಎಂದು ನನಗೆ ಬಲವಾಗಿ ಅನಿಸುತ್ತದೆ. ಇದಕ್ಕೆ ಒಂದು ಪರಿಹಾರ ಬ್ಲೂಜೆ ಎಂಬ ತಂತ್ರಾಂಶ. ಮೈಕಲ್ ಕೋಲಿಂಗ್ ಮತ್ತು ಜಾನ್ ರೋಸೆನ್‌ಬರ್ಗ್ 1999ರಲ್ಲಿ ತಂದದ್ದು. ಅದರಲ್ಲಿ ಮೇನ್ ಬರೆಯುವ ಗೊಡವೆಯೇ ಇಲ್ಲದೆ ಆಬ್ಜೆಕ್ಟ್ ಮಾಡಬಹುದು. ಮಾಡಿದ ಆಬ್ಜೆಕ್ಟ್ ಪರದೆಯ ಕೆಳಗೆ ಕೆಂಪು ಪೆಟ್ಟಿಗೆಯಾಗಿ ಬಂದು ಕೂರುತ್ತದೆ, ಅದರ ಮೇಲೆ ಮೌಸ್ ಒತ್ತಿ ಅದರಿಂದ ಕೆಲಸ ಮಾಡಿಸಬಹುದು. ಜೋ ಎಂಬ ಚೌಕದ ಮೊಮ್ಮಗು ಅದು. ಈಗ ಜಾವಾ ಮಾಡುವವರೇ ಮನಸ್ಸು ಮಾಡಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25ರಲ್ಲಿ ಕ್ಲಾಸನ್ನೂ ಬರೆಯದೆ, ಸ್ಟ್ಯಾಟಿಕ್ ಅನ್ನೂ ಬರೆಯದೆ, ಪುಟ್ಟದೊಂದು ಮೇನ್ ಬರೆದು ಪ್ರೋಗ್ರಾಂ ನಡೆಸಬಹುದು. ಮೂವತ್ತು ವರ್ಷವಾಯಿತು, ಆದರೂ ಬಂತಲ್ಲ, ಸಂತೋಷ. ನಮ್ಮ ಲ್ಯಾಬುಗಳಿಗೆ ಬೇಗ ಬರಲಿ.

ಸಿ ಪ್ಲಸ್ ಪ್ಲಸ್ ವಿಷಯದಲ್ಲಂತೂ ಅದನ್ನು ಹುಟ್ಟಿಸಿದವರ ಮಾತೇ ಇದೆ. ಬ್ಯಾರ್ನೆ ಸ್ಟ್ರೌಸ್ಟ್ರಪ್ ಕೇಂಬ್ರಿಡ್ಜಿನಲ್ಲಿ ಪಿಎಚ್‌ಡಿ ಮಾಡುವಾಗ ಸಿಮುಲಾ ಬಳಸಿ ಅದಕ್ಕೆ ಮನಸೋತವರು. ಅದು ನಿಧಾನವೆಂದು ಆ ಕೆಲಸವನ್ನೇ ಮತ್ತೆ ಬಿಸಿಪಿಎಲ್‌ನಲ್ಲಿ ಬರೆದು ಬೇಸತ್ತವರು. ನೋಡಿ, ಬಿಸಿಪಿಎಲ್ ಮತ್ತೆ ಬಂತು! 1979ರಲ್ಲಿ ಬೆಲ್ ಲ್ಯಾಬ್ಸ್ ಸೇರಿ ಸಿಗೆ ಕ್ಲಾಸ್‌ಗಳನ್ನು ಜೋಡಿಸಲು ಶುರುಮಾಡಿದರು. ಅವರೇ 1999ರಲ್ಲಿ ಬರೆದ ಲೇಖನವೊಂದರಲ್ಲಿ, ಸಿ ಪ್ಲಸ್ ಪ್ಲಸ್ ಅನ್ನು ಹೊಸ ಭಾಷೆಯೆಂದೇ ನೇರವಾಗಿ ಕಲಿಯಿರಿ, ಸಿ ದಾರಿಯಾಗಿ ಬರಬೇಕಿಲ್ಲ ಎಂದು ವಾದಿಸಿದ್ದಾರೆ. ಅವರು ಕೊಟ್ಟ ನಿದರ್ಶನ ಬಹಳ ಸರಳ. ಹೆಸರು ಕೇಳಿ, ಆ ಹೆಸರಿಗೆ ನಮಸ್ಕಾರ ಹೇಳುವ ಪ್ರೋಗ್ರಾಂ. ಸಿ ಪ್ಲಸ್ ಪ್ಲಸ್‌ನ ಸ್ಟ್ರಿಂಗ್ ಬಳಸಿದರೆ ಹೆಸರು ಎಷ್ಟು ಉದ್ದವಿದ್ದರೂ ಚಿಂತೆಯಿಲ್ಲ. ಸಿಯಲ್ಲಾದರೆ ಹೊಸಬ ಮೊದಲೇ ಇಂತಿಷ್ಟು ಅಕ್ಷರಕ್ಕೆ ಜಾಗ ಎಂದು ಹೇಳಬೇಕು, ಉದ್ದದ ಹೆಸರಿನವರು ಬಂದರೆ ಜಾಗ ಮೀರಿ ಪಕ್ಕದ ಮೆಮೊರಿಯನ್ನು ಕೆಡಿಸುತ್ತದೆ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಸೇರಿ ಹೆಸರುಗಳು ಎಷ್ಟು ಉದ್ದ ಬೆಳೆಯುತ್ತವೆ ಎಂಬುದು ನಿಮಗೇ ಗೊತ್ತು. ನಾವು ಟರ್ಬೊ ಸಿಯಲ್ಲಿ ಧಾರಾಳವಾಗಿ ಬಳಸುತ್ತಿದ್ದ ‘ಗೆಟ್ಸ್’ ಈ ಅಪಾಯದಿಂದಲೇ 2011ರ ಸಿ ಮಾನಕದಿಂದ ಹೊರಬಿತ್ತು. ಹಾಗೆಂದು ಸಿ ಕೀಳಲ್ಲ. ಮೆಮೊರಿ ಹೇಗಿರುತ್ತದೆ, ಆಪರೇಟಿಂಗ್ ಸಿಸ್ಟಮ್ ಒಳಗೆ ಏನು ನಡೆಯುತ್ತದೆ, ಚಿಕ್ಕ ಚಿಪ್ಪೊಂದನ್ನು ಹೇಗೆ ಕುಣಿಸುವುದು ಎಂದು ಕುತೂಹಲ ಇರುವವರು ಸಿ ಕಲಿಯಲೇಬೇಕು, ಆನಂದದಿಂದ ಕಲಿಯಬೇಕು. ಅದು ಇನ್ನೊಂದರ ಮೊಗಸಾಲೆಯಲ್ಲ, ಸ್ವಂತ ಮನೆ.

ಮೊದಲು ಕಲಿತ ಭಾಷೆ ಮುಂದಿನದನ್ನು ಹಾಳುಮಾಡುತ್ತದೆ ಎನ್ನುವವರೂ ಇದ್ದಾರೆ. ಎಡ್ಸ್ಗರ್ ಡೈಕ್‌ಸ್ಟ್ರಾ 1975ರಲ್ಲಿ ಬರೆದ ಒಂದು ಟಿಪ್ಪಣಿಯಲ್ಲಿ, ಬೇಸಿಕ್ ಕಲಿತು ಬಂದ ವಿದ್ಯಾರ್ಥಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದು ಹೆಚ್ಚುಕಡಿಮೆ ಅಸಾಧ್ಯವೆಂದು ಕಟುವಾಗಿ ಹೇಳಿದರು. ದೊಡ್ಡ ವಿದ್ವಾಂಸರು, ಅವರ ಮೇಲೆ ನನಗೆ ಅಪಾರ ಗೌರವವಿದೆ, ಆದರೆ ಈ ಮಾತು ಒಪ್ಪಲಾರೆ. ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಸ್ 1964ರಲ್ಲಿ ಬೇಸಿಕ್ ಮಾಡಿದ್ದೇ ಗಣಿತ, ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಮುಟ್ಟಲಿ ಎಂದು. ಲಿನಕ್ಸ್ ಮಾಡಿದ ಲಿನಸ್ ಟೋರ್ವಾಲ್ಡ್ಸ್ ಮೊದಲು ಪ್ರೋಗ್ರಾಂ ಬರೆದದ್ದು ಅಜ್ಜನ ಕಮೊಡೋರ್ ವಿಕ್-20 ಯಂತ್ರದ ಮುಂದೆ, ಬೇಸಿಕ್‌ನಲ್ಲೇ. ನಮ್ಮ ದೇಶದಲ್ಲೂ 1984ರಲ್ಲಿ ಶುರುವಾದ ಕ್ಲಾಸ್ ಎಂಬ ಸರ್ಕಾರಿ ಯೋಜನೆಯಲ್ಲಿ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರ್ ಬಂದವು, ಅದರೊಳಗೆ ಇದ್ದದ್ದೂ ಬೇಸಿಕ್. ಅದರ ಮುಂದೆ ಕೂತ ಮಕ್ಕಳು ಕೆಟ್ಟುಹೋಗಲಿಲ್ಲ. ಮೊದಲ ಭಾಷೆ ಇದ್ದೇ ತೀರಬೇಕು ಎನ್ನುವವರೂ ಮೊದಲ ಭಾಷೆಯಿಂದ ಕೆಟ್ಟೆವು ಎನ್ನುವವರೂ ಅದಕ್ಕೆ ಇಲ್ಲದ ಶಕ್ತಿಯನ್ನು ಕೊಡುತ್ತಿದ್ದಾರೆ. ಅಮೆರಿಕದ ಹೈಸ್ಕೂಲುಗಳ ಕಂಪ್ಯೂಟರ್ ಸೈನ್ಸ್ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್ ಪರೀಕ್ಷೆ 1984ರಲ್ಲಿ ಪಾಸ್ಕಲ್ ಹಿಡಿದು, 1999ರಲ್ಲಿ ಸಿ ಪ್ಲಸ್ ಪ್ಲಸ್‌ಗೆ ಬದಲಾಗಿ, 2003-04ರ ಸಾಲಿನಿಂದ ಜಾವಾಕ್ಕೆ ಬಂತು. ಆ ಹಂತದಲ್ಲಿ ಮಕ್ಕಳು ನೇರ ಜಾವಾದಿಂದಲೇ ಶುರುಮಾಡಿದ್ದಾರೆ.

ಇಷ್ಟೆಲ್ಲ ಮಾತಿನಲ್ಲಿ ಒಂದು ಭಾಷೆಯ ಹೆಸರು ಬರಲೇ ಇಲ್ಲ. ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿ, ಹಳ್ಳಿಯಿಂದ ಎಂಜಿನಿಯರಿಂಗ್ ಕಾಲೇಜಿಗೆ ಬಂದ ಮಗುವಿನ ಮನಸ್ಸಿನಲ್ಲಿರುವ ‘ಮೊದಲು ಬರಬೇಕಾದ ಭಾಷೆ’ ಅದೇ. ಸಿ ಬರಬೇಕು ಎಂಬ ಮಾತು ಆ ಮಗುವಿನ ಕಿವಿಗೆ ಬೀಳುವಾಗ ಅದು ಎರಡನೆಯ ಪೆಟ್ಟು. ಪುಸ್ತಕಗಳು, ತಪ್ಪಾದಾಗ ಕಂಪ್ಯೂಟರ್ ಹೇಳುವ ಮಾತುಗಳು ಇಂಗ್ಲಿಷಿನಲ್ಲಿ ಇರುವುದರಿಂದ ನಿಧಾನವಾಗಿ ಓದಲು ಬರಬೇಕು, ಅದನ್ನು ಮುಚ್ಚಿಡಬಾರದು. ಆದರೆ ಪ್ರೋಗ್ರಾಮಿಂಗ್ ಭಾಷೆಯೊಳಗಿನ ಇಂಗ್ಲಿಷ್ ಎಷ್ಟು? 1989ರ ಮಾನಕ ಸಿಯಲ್ಲಿ ಕಾಯಂ ಪದಗಳು 32, ಪೈಥಾನ್‌ನಲ್ಲಿ 35, ಜಾವಾದಲ್ಲಿ ಸುಮಾರು 50. ಒಂದು ವಾರದಲ್ಲಿ ಮನಸ್ಸಿಗೆ ಹತ್ತುತ್ತವೆ. ಮಿಕ್ಕ ಹೆಸರುಗಳನ್ನೆಲ್ಲ ಇಡುವವರು ನಾವೇ. ಮತ್ತೆ, ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ, ಆ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು! ಜಾವಾ ಒಪ್ಪುತ್ತದೆ, ಪೈಥಾನ್ 3 ಒಪ್ಪುತ್ತದೆ. ದೋಸೆ ಎಂದೇ ಕ್ಲಾಸ್, ಹಿಟ್ಟು ಎಂದೇ ವೇರಿಯಬಲ್, ಹುಯ್ಯಿ ಎಂದೇ ಮೆಥಡ್. ಇನ್ನೂ ಚೆಂದದ್ದು, ಪೈಥಾನ್‌ಗೆ ‘೨೫’ ಎಂದು ಕನ್ನಡ ಅಂಕಿಯಲ್ಲಿ ಪಠ್ಯ ಕೊಟ್ಟು ಇಂಟ್ ಮಾಡು ಎಂದರೆ ಅದು 25 ಎಂದು ಸರಿಯಾಗಿ ಅರ್ಥಮಾಡಿಕೊಳ್ಳುತ್ತದೆ. ಕಚೇರಿಯ ಕೆಲಸದಲ್ಲಿ, ನಾಲ್ಕು ರಾಜ್ಯದವರು ಸೇರಿ ಬರೆಯುವಾಗ, ಇಂಗ್ಲಿಷ್ ಹೆಸರುಗಳೇ ಅನುಕೂಲ. ಆದರೆ ಮೊದಲ ತಿಂಗಳಲ್ಲಿ ಯೋಚನೆ ಯಾವ ಭಾಷೆಯಲ್ಲಿ ಬರುತ್ತದೋ ಹೆಸರೂ ಅದರಲ್ಲೇ ಬಂದರೆ ಮನಸ್ಸು ಎಷ್ಟು ಹಗುರ! ಶಿವಮೊಗ್ಗದಲ್ಲೋ ಕಲಬುರಗಿಯಲ್ಲೋ ಒಂದು ಲ್ಯಾಬಿನಲ್ಲಿ ಮೇಷ್ಟ್ರೊಬ್ಬರು ಇದನ್ನು ಒಮ್ಮೆ ಮಾಡಿಸಿ ನೋಡಬೇಕು ಎಂಬುದು ನನ್ನ ಆಸೆ.

ಮಾಡಿಸುವವರಿಗೆ ಒಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ. ಕನ್ನಡದಲ್ಲಿ ರ‍್ಯಾಂಕ್, ರ‍್ಯಾಲಿ ಎಂದು ಬರೆಯುವಾಗ ರಕಾರ ಮುಂದೆಯೇ ನಿಂತು ಯಕಾರ ಅದರ ಒತ್ತಾಗಿ ಬರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಸೇರುತ್ತದೆ. ಪೈಥಾನ್ ಹೆಸರುಗಳಲ್ಲಿ ಅದನ್ನು ಒಪ್ಪುವುದಿಲ್ಲ. ಪರದೆಯ ಮೇಲೆ ಅಕ್ಷರವೆಲ್ಲ ಸರಿಯಾಗಿದ್ದೂ ದೋಷ ತೋರಿಸುತ್ತದೆ, ಹೊಸಬರು ಅಲ್ಲಿ ಕಂಗಾಲಾಗುತ್ತಾರೆ. ರ‍್ಯಾಂಕ್ ಬದಲು ‘ದರ್ಜೆ’ ಎಂದು ಹೆಸರಿಟ್ಟುಕೊಂಡರೆ ಆಯಿತು, ಅರ್ಕಾವತ್ತಿನ ಬಗ್ಗೆ ಪೈಥಾನ್‌ಗೆ ಯಾವ ತಕರಾರೂ ಇಲ್ಲ.